ಎರಡು ಮೊಹರಿನ ಊರು

ದೊರೆ ಪ್ರೆಡ್ಬೋರ್ ತೀರಿಕೊಂಡು ಆರು ವಾರವಾಗಿತ್ತು. ಓದ್ರಾ ನದಿಯ ಎರಡೂ ದಂಡೆಗೆ ಹರಡಿದ್ದ ಅವನ ಸಂಸ್ಥಾನ ಇನ್ನೂ ಇಡಿಯಾಗಿಯೇ ಇತ್ತು. ಆದರೆ ಲಿಪ್ನಾ ಕೋಟೆಯೊಳಗೆ ಕುದುರೆ ಲಾಯದವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಆಗಲೇ ಎರಡಾಗಿ ಹೋಗಿದ್ದರು. ನದಿಯಾಚೆ ಹೋಗುವವರ ಜೊತೆ ಇಲ್ಲೇ ಉಳಿಯುವವರು ಊಟಕ್ಕೂ ಕೂರುತ್ತಿರಲಿಲ್ಲ.

ಪದ್ಧತಿ ಹಳೆಯದು. ಹಿರಿಯ ಮಗ ಎರಡು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಹಿರಿಯ ವಾಂಕೊ ಒಂದು ಪಾಲನ್ನು ಲಿಪ್ನಾದ ಸುತ್ತ ಕಟ್ಟಿದ್ದ, ಇನ್ನೊಂದನ್ನು ನದಿಯಾಚೆಯ ರೂದ್ನಿಕ್ ಪಟ್ಟಣದ ಸುತ್ತ. ಕಟ್ಟಿದ್ದನ್ನು ಬಿಚ್ಚುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ಕಿರಿಯ ಸೆಮ್ಕೊ ಬೇಟೆಗೆ ಹೋಗುವುದು, ಬರುವುದು ಮಾಡುತ್ತಿದ್ದ. ಈಸ್ಟರಿಗೆ ಮುಂಚೆ ಮಾಂಸ ಬಿಡುವ ಉಪವಾಸದ ದಿನಗಳಾದ್ದರಿಂದ ಹೊಡೆದದ್ದನ್ನು ತಿನ್ನುವಂತಿರಲಿಲ್ಲ, ಸುಮ್ಮನೆ ಕೊಲ್ಲುತ್ತಿದ್ದ.

ವಾಂಕೊನಿಗೆ ತಂಗಿ, ಸೆಮ್ಕೊನಿಗೆ ಅಕ್ಕ ಓಫ್ಕಾ. ಇಪ್ಪತ್ತೊಂಬತ್ತು ವರ್ಷ, ಗಂಡ ಸತ್ತು ನಾಲ್ಕು ವರ್ಷ. ಗಂಡ ಬದುಕಿದ್ದಾಗ ಇವಳ ಜೀವಮಾನಕ್ಕೆಂದು ಒಂದು ಪಟ್ಟಣ ಬಿಟ್ಟುಕೊಡುವುದಾಗಿ ಹೇಳಿದ್ದ. ಅವನ ಹೆಣ ಮನೆಗೆ ಬಂದ ಮೂರನೇ ದಿನ ಮೈದುನಂದಿರು, ಕಾಗದ ಎಲ್ಲಿದೆ, ಮೊಹರು ಎಲ್ಲಿದೆ ಎಂದು ಕೇಳಿದ್ದರು. ಎರಡೂ ಇರಲಿಲ್ಲ. ಒಂದು ಗಾಡಿ ಬಟ್ಟೆಬರೆಯೊಂದಿಗೆ ತವರಿಗೆ ಬಂದು, ಹಾಸಿಗೆ ಹಿಡಿದಿದ್ದ ಅಪ್ಪನನ್ನೂ ಅವನ ಮನೆಯನ್ನೂ ನೋಡಿಕೊಂಡಿದ್ದಳು.

ಆ ಸೋಮವಾರ ಬೆಳಗ್ಗೆ ಗುಮಾಸ್ತನಾಗಿದ್ದ ಪಾದ್ರಿ ಎರಡು ಪಾಲಿನ ಪಟ್ಟಿಯನ್ನು ವಾಂಕೊನಿಗೆ ಓದಿ ಹೇಳುತ್ತಿದ್ದ. ಓಫ್ಕಾ ಕಿಟಕಿಯ ಹತ್ತಿರ ಹೊಲಿಯುತ್ತ ಕೇಳಿಸಿಕೊಂಡಳು. ಗಿಡುಗ ಪಳಗಿಸುವವರು ನಾಲ್ಕು ಜನ ಇತ್ತ ಲಿಪ್ನಾಕ್ಕೆ, ನಾಲ್ಕು ಜನ ಅತ್ತ ರೂದ್ನಿಕ್‌ಗೆ. ಜೇನು ಮರಗಳಿರುವ ಕಾಡು ಅತ್ತ. ಕಂಚಿನ ದೊಡ್ಡ ಹಂಡೆ ಇತ್ತ. ಅಡುಗೆಯವನು ಇತ್ತ, ರೊಟ್ಟಿ ಬೇಯಿಸುವ ಅವನ ಹೆಂಡತಿ ಅತ್ತ.

“ಗಂಡ ಹೆಂಡತೀನೂ ಹಂಚಿಬಿಟ್ಟೆಯಾ?” ಎಂದಳು ಓಫ್ಕಾ.

“ಅವರಿಬ್ಬರೂ ಹೇಗಿದ್ರೂ ಮಾತಾಡಲ್ಲ, ಬಿಡು,” ಎಂದ ವಾಂಕೊ, ತಲೆಯೆತ್ತದೆ.

ಪಟ್ಟಿ ಮುಗಿಯಿತು. ಅವಳ ಹೆಸರು ಎಲ್ಲೂ ಬರಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು.

“ನಾನು ಯಾವ ಕಡೆ, ಅಣ್ಣ?”

ವಾಂಕೊ ಈಗ ನೋಡಿದ. ಅವನ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಮರೆತುಬಿಟ್ಟವನ ಮುಖ ಅದು. “ನೀನು ಎಲ್ಲಿ ಬೇಕಾದ್ರೂ ಇರಬಹುದಲ್ಲೇ. ಸೆಮ್ಕೊ ಹತ್ತಿರ ಇದ್ರೂ ಆಯ್ತು. ಇಲ್ಲ ಅಂದ್ರೆ ಸಂತ ಕ್ಲಾರಾ ಮಠದ ಸನ್ಯಾಸಿನಿಯರು ಒಳ್ಳೆಯವರು, ಅಲ್ಲಿ ದ್ರಾಕ್ಷಿ ತೋಟ ಬೇರೆ ಇದೆ.”

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೋಟೆಗೋಡೆಯ ಮೇಲೆ ಹತ್ತಿದಳು, ಇಳಿದಳು. ಉಗ್ರಾಣಕ್ಕೆ ಹೋಗಿ ಉಪ್ಪುಮೀನಿನ ಪೀಪಾಯಿಗಳ ಮುಂದೆ ನಿಂತು ಏತಕ್ಕೆ ಬಂದೆನೆಂದು ಮರೆತಳು. ಮಧ್ಯಾಹ್ನ ವಾಂಕೊ ಅವಳನ್ನು ಹುಡುಕಿಕೊಂಡು ಅಲ್ಲಿಗೇ ಬಂದ.

“ಓಫ್ಕಾ, ನಿನ್ನ ಹತ್ರ ಮಾತ್ರ ಕೇಳ್ತೀನಿ. ಅವನು ಯಾವುದನ್ನ ಆರಿಸ್ತಾನೆ? ನಿನಗಾದ್ರೆ ಹೇಳಿರ್ತಾನೆ.”

ಓಫ್ಕಾ ಪೀಪಾಯಿಯ ಮುಚ್ಚಳವನ್ನು ಒತ್ತಿ ಸರಿಯಾಗಿ ಕೂರಿಸಿದಳು. “ಹೇಳ್ತೀನಿ. ಆದ್ರೆ ಝಬ್ರೋದ್ ಯಾರ ಪಾಲಿಗೆ ಬಂದ್ರೂ, ನಾನು ಸಾಯೋವರೆಗೂ ನನ್ನದು ಅಂತ ಬರೆದುಕೊಡು. ಹಾಯಗಡವೂ ಗಿರಣಿಯೂ ಸೇರಿ. ನಿನ್ನ ಮೊಹರು ಹಾಕಿ.”

ಝಬ್ರೋದ್ ಜನ ಹಾಯಗಡದ ದೋಣಿಯಲ್ಲಿ ನದಿ ದಾಟುವಲ್ಲಿನ ಪುಟ್ಟ ಊರು. ಅದು ಆಗ ರೂದ್ನಿಕ್ ಪಟ್ಟಿಯಲ್ಲಿತ್ತು.

“ಆ ಕೆಸರುಗುಂಡಿಯಾ?” ವಾಂಕೊ ನಕ್ಕ. “ಆಯ್ತು, ತಗೋ.”

ಅವನು ಬರೆಸಿ ಒತ್ತಿದ ಮೊಹರಿನ ಮೇಣ ಆರಿದ ಮೇಲೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ನಿನಗೆ ಯಾವುದು ಬೇಕೋ ಅದನ್ನೇ ಆರಿಸ್ತಾನೆ. ಅವನಿಗೆ ನೆಲ ಬೇಡ, ನಿನ್ನನ್ನ ಗೆಲ್ಲಬೇಕು.”

ಸೆಮ್ಕೊ ಸಿಕ್ಕಿದ್ದು ಮರುದಿನ, ಕೆಸರು ಬೂಟು ಕಳಚುತ್ತಿದ್ದಾಗ. ಅವನೇ ಬಾಯಿಬಿಟ್ಟ. “ಅಕ್ಕಾ, ಅಣ್ಣನಿಗೆ ಮನಸಲ್ಲಿ ಯಾವುದಿದೆ? ನಿಜ ಹೇಳು.”

ಅವಳು ಅದೇ ಬೆಲೆ ಕೇಳಿದಳು. ಸೆಮ್ಕೊ ಕಾಗದವನ್ನು ಓದಲೂ ಇಲ್ಲ, ಮೊಣಕಾಲ ಮೇಲಿಟ್ಟು ಉಂಗುರ ಒತ್ತಿದ. “ಅಣ್ಣನಿಗೆ ಲಿಪ್ನಾ ಬೇಕು,” ಎಂದಳು ಓಫ್ಕಾ. “ಅಪ್ಪ ಅವನಿಗೆ ಕತ್ತಿ ಹಿಡಿಯೋದು ಕಲಿಸಿದ್ದು ಈ ಗೋಪುರದ ಕೆಳಗೇ. ಬೇರೆ ಯಾವುದೂ ಅವನ ಕಣ್ಣಿಗೇ ಕಾಣ್ತಿಲ್ಲ.”

ಎರಡು ಕಾಗದಗಳನ್ನೂ ಮಡಿಸಿ ಅವಳು ಸೇನಾಪತಿ ಯಾಕ್ಸಾನ ಕೈಗೆ ಕೊಟ್ಟಳು. ಯಾಕ್ಸಾ ಅವಳಪ್ಪನ ಜೊತೆ ಮೂವತ್ತು ವರ್ಷ ಕುದುರೆ ಏರಿದವನು. ನಿಧಾನವಾಗಿ ಓದಿದ, ಇನ್ನೊಮ್ಮೆ ಓದಿದ.

“ಅಮ್ಮಣ್ಣಿ, ಇಬ್ಬರಿಗೂ ಇನ್ನೊಬ್ಬರ ಕಾಗದ ಗೊತ್ತಿದೆಯಾ?”

“ಇಬ್ಬರೂ ಮಾತೇ ಆಡ್ತಿಲ್ಲವಲ್ಲ, ಮಾವ.”

“ಇದಕ್ಕೆ ನಿಮ್ಮನ್ನ ಯಾರೂ ಕ್ಷಮಿಸಲ್ಲ.”

“ಮಠದಲ್ಲಿ ಕೂತು ಎಲ್ಲರನ್ನೂ ಕ್ಷಮಿಸೋದಕ್ಕಿಂತ ಇದೇ ವಾಸಿ.”

ಮುಂದಿನ ಎರಡು ದಿನ ವಾಂಕೊ ಪಟ್ಟಿ ತಿದ್ದುತ್ತಲೇ ಇದ್ದ. ಸೆಮ್ಕೊ ಲಿಪ್ನಾವನ್ನೇ ಆರಿಸುವುದಾದರೆ ಆರಿಸಲಿ, ಬರಿಯ ಕಲ್ಲು ಸಿಗಲಿ ಎಂದು ಲಿಪ್ನಾ ಪಟ್ಟಿಯಿಂದ ಕುದುರೆ ಸಾಕುವ ಹುಲ್ಲುಗಾವಲು, ಐದು ಗಿರಣಿ, ಮೀನುಗಾರರ ಹಳ್ಳಿಗಳನ್ನು ತೆಗೆದು ರೂದ್ನಿಕ್‌ಗೆ ಸೇರಿಸಿದ. ಪಾಲಿಗೆ ಸಾಕ್ಷಿಯಾಗಿದ್ದ ಮಠಾಧಿಪತಿ ನೋಡಿ, ಇದು ಪಾಲಲ್ಲ, ಅನ್ಯಾಯ ಎಂದು ಗದರಿದ ಮೇಲೆ ರೂದ್ನಿಕ್ ಪಟ್ಟಿಯಿಂದ ಒಂದೇ ಒಂದನ್ನು ಲಿಪ್ನಾಕ್ಕೆ ಹಾಕಿದ: ಝಬ್ರೋದ್, ಅದರ ಹಾಯಗಡ, ಗಿರಣಿ. ಬರೆದುಕೊಟ್ಟದ್ದು ಅವನಿಗೆ ನೆನಪೇ ಇರಲಿಲ್ಲ. ಓಫ್ಕಾ ಅದನ್ನು ಕೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅದು ಆಗಲೇ ತನ್ನದೆಂದು ಹೋಗಿ ಹೇಳಬೇಕೆನಿಸಿತು. ಅಣ್ಣನ ಬಾಗಿಲವರೆಗೆ ಮೂರು ಸಲ ಹೋದಳು. ಮೂರನೇ ಸಲ ಒಳಗಿಂದ ಅವನ ದನಿ ಕೇಳಿಸಿತು, ತಂಗಿಯನ್ನು ಸೇರಿಸಿಕೊಳ್ಳಿರೆಂದು ಸಂತ ಕ್ಲಾರಾ ಮಠಕ್ಕೆ ಪತ್ರ ಬರೆಯುವಂತೆ ಗುಮಾಸ್ತನಿಗೆ ಹೇಳುತ್ತಿದ್ದ. ತಿರುಗಿ ಬಂದಳು.

ಶುಕ್ರವಾರ ಬೆಳಗಿನ ಪ್ರಾರ್ಥನೆಯಾದ ಮೇಲೆ ಚರ್ಚಿನಲ್ಲೇ ಆಯ್ಕೆ. ಎರಡೂ ಪಟ್ಟಿಗಳು ಮೇಜಿನ ಮೇಲಿದ್ದವು. ಸೆಮ್ಕೊ ಲಿಪ್ನಾ ಪಟ್ಟಿಯ ಮೇಲೆ ಕೈಯಿಟ್ಟ. ಅಣ್ಣನನ್ನು ನೋಡಿದ. ವಾಂಕೊ ಕದಲಲಿಲ್ಲ. ಸೆಮ್ಕೊನ ಕೈ ಅಲ್ಲೇ ಇತ್ತು. ಕಣ್ಣು ಮಾತ್ರ ಇನ್ನೊಂದು ಪಟ್ಟಿಯ ಉದ್ದವನ್ನು ಅಳೆಯುತ್ತಿತ್ತು. ಗಿರಣಿಗಳು, ಹುಲ್ಲುಗಾವಲು, ಕಾಡು. ಕೊನೆಗೆ ಕೈಯೆತ್ತಿದ.

“ರೂದ್ನಿಕ್,” ಎಂದ.

ವಾಂಕೊನ ಮುಖ ಅರಳಿತು. ಗೋಪುರ ಅವನಿಗೇ ಉಳಿದಿತ್ತು. ಆ ಗೋಪುರದ ಜೊತೆ ತಾನೇ ಏನೂ ಉಳಿಸಿಕೊಂಡಿಲ್ಲವೆಂಬುದು ಅವನಿಗೆ ಹೊಳೆಯುವಷ್ಟರಲ್ಲಿ ಯಾಕ್ಸಾ ಮುಂದೆ ಬಂದು ಎರಡು ಕಾಗದಗಳನ್ನು ಬಿಚ್ಚಿ ಗಟ್ಟಿಯಾಗಿ ಓದಿದ. ಎರಡೂ ಮೊಹರುಗಳನ್ನು ಮಠಾಧಿಪತಿ ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ. ಸೆಮ್ಕೊ ಚರ್ಚು ಎಂದೂ ನೋಡದೆ ನಕ್ಕ. “ನಮ್ಮಿಬ್ಬರಿಗೂ ಟೋಪಿ ಹಾಕಿದ್ಯಲ್ಲ, ಅಕ್ಕಾ.”

ವಾಂಕೊ ನಗಲಿಲ್ಲ. ಹತ್ತಿರ ಬಂದು, ಅವಳಿಗೆ ಮಾತ್ರ ಕೇಳುವಂತೆ ಹೇಳಿದ. “ಅವನ ಪಾಲು ಅಷ್ಟು ದೊಡ್ಡದಿತ್ತು. ನೀನೂ ನನ್ನ ತಟ್ಟೆಯಿಂದ್ಲೇ ತಗೊಂಡೆ.”

“ಅದನ್ನ ಆ ತಟ್ಟೆಗೆ ಹಾಕಿದ್ದು ನಾನಲ್ಲ, ಅಣ್ಣ.”

“ಗೊತ್ತಿದ್ದೂ ಸುಮ್ಮನಿದ್ದೆ.”

ಅವಳು ಎರಡೂ ಕಾಗದಗಳನ್ನು ತೆಗೆದುಕೊಂಡು ಮಡಿಸಿದಳು. ಅವನದನ್ನು ಹಿಂದಿರುಗಿಸಲಿಲ್ಲ.

ಈಸ್ಟರ್ ಕಳೆದು ಅವಳು ಝಬ್ರೋದ್‌ಗೆ ಹೋದಳು. ಊರಿನ ಮುಖ್ಯಸ್ಥ ಟೋಪಿ ಕೈಯಲ್ಲಿ ಹಿಡಿದು, ಈಗ ನಾವು ಯಾವ ದೊರೆಯ ಕಡೆಯವರು ಎಂದು ಕೇಳಿದ. ನನ್ನ ಕಡೆಯವರು ಎಂದಳು. ಅವನು ಅವಳ ಹಿಂದೆ ಸವಾರರು ಬರುತ್ತಿದ್ದಾರೇನೋ ಎಂದು ಇಣುಕಿ ನೋಡಿದ. ಬರುತ್ತಿದ್ದದ್ದು ಅಡುಗೆಯವನ ಹೆಂಡತಿ, ಹಿಟ್ಟಿನ ಮೂಟೆಯ ಮೇಲೆ ಕೂತು. ರೂದ್ನಿಕ್‌ಗೆ ಹೋಗಲಾರೆನೆಂದು ಜೊತೆಗೆ ಬಂದಿದ್ದಳು.

ಮೇ ತಿಂಗಳ ಒಂದು ಬೆಳಗ್ಗೆ ನದಿದಡದಲ್ಲಿ ಏಳು ಕುದುರೆ ಕಾಣಿಸಿದವು. ಮುಂದಿದ್ದವನು ವಾಂಕೊ. ಹಾಯಗಡದವರು ಹಗ್ಗ ಬಿಟ್ಟು ಓಡಿಬಂದರು. ಊರು ಕಸಿಯಲು ಬಂದಿದ್ದಾನೆಂದೇ ಓಫ್ಕಾಳೂ ಎಣಿಸಿದಳು. ಆದರೂ ದಡಕ್ಕೆ ತಾನೇ ಇಳಿದುಹೋಗಿ ನಿಂತಳು.

ವಾಂಕೊ ಕುದುರೆಯಿಂದಿಳಿದ. ತೆಳ್ಳಗಾಗಿದ್ದ. ಮನೆಯೊಳಗೆ ಬಂದು, ಅವಳು ಬಡಿಸಿದ ಹುಳಿ ಗಂಜಿಯನ್ನು ಎರಡು ಬಟ್ಟಲು ಕುಡಿದ. ಮಾಡು ನೋಡಿದ, ಸೋರುತ್ತೆ ಎಂದ. ಆಮೇಲೆ ಖಾಲಿ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತ ಕೂತ.

“ನೀನು ಸತ್ತ ಮೇಲೆ ಈ ಊರು ನನಗೇ ಬರುತ್ತೆ,” ಎಂದ ಕೊನೆಗೆ.

“ಬರುತ್ತೆ. ಹಾಗಂತಲೇ ಬರೆದಿದೆ.”

“ಕೆಮ್ಮು ಗಿಮ್ಮು ಇದೆಯಾ ನಿನಗೆ?”

“ಇಲ್ಲ.”

“ಹಲ್ಲು?”

“ಎಲ್ಲ ಗಟ್ಟಿಯಾಗಿವೆ.”

ಅವನ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ನಗುವಿನ ಹತ್ತಿರದ್ದು, ನಗುವಲ್ಲ. ಎದ್ದು, ಹುಲ್ಲುಗಾವಲು ಹೋಯಿತಲ್ಲ, ಕುದುರೆಗಳಿಗೆ ಓಟ್ಸ್ ಬೇಕಿತ್ತು ಎಂದ, ಎಲ್ಲೋ ನೋಡುತ್ತ. ಅವಳು ನಾಲ್ಕು ಮೂಟೆ ಹೊರಿಸಿದಳು. ಬೇಡುವುದನ್ನು ಅವನು ಕಲಿತಿರಲಿಲ್ಲ. ಕೊಡುವುದು ಹೇಗೆಂದು ಅವಳಿಗೂ ತಿಳಿಯಲಿಲ್ಲ.

ಕುದುರೆಗಳು ಮರೆಯಾದ ಮೇಲೆ ಓಫ್ಕಾ ಹೊಲಿಗೆ ಹಿಡಿದಳು, ಬಿಟ್ಟಳು. ಗಿರಣಿಯ ಕಡೆ ನಡೆದಳು. ಅಲ್ಲಿ ನೀರು ತಿರುಗಿಸುವ ಚಕ್ರದ ಎರಡು ಹಲಗೆ ಮುರಿದಿದ್ದವು, ಬಡಗಿ ಬೆಳಗಿನಿಂದ ಬಂದಿರಲಿಲ್ಲ. ಅವನನ್ನು ಕರೆತರಲು ತಾನೇ ಅವನ ಮನೆಗೆ ಹೊರಟಳು.