ನಲವತ್ತು ನೀಲಿ ಚಕ್ರಗಳು

ಇಂಗ್ಲಿಷರ ನಾಡಿನ ಸ್ಟಾಕ್‌ಪೋರ್ಟಿನ ಕನ್ನಡ ಬಳಗಕ್ಕೆ ಈಶ್ವರಪ್ಪ ಅಧ್ಯಕ್ಷರಾಗಿ ಮೂರು ವರ್ಷವಾಯಿತು. ಮೂರು ವರ್ಷದಲ್ಲಿ ಅವರು ತಪ್ಪು ಮಾಡಿದ್ದೇ ಇಲ್ಲ, ಯಾಕೆಂದರೆ ಮಾಡಿದ್ದನ್ನೆಲ್ಲ ಬೇರೆಯವರ ತಲೆಗೆ ಕಟ್ಟಿದ್ದರು. ಈ ಸಲ ಆಗಸ್ಟ್ ಹದಿನೈದನ್ನು ಕಡಲ ದಂಡೆಯಲ್ಲಿ ಆಚರಿಸುವುದೆಂದು ಸಾರಿದರು. ಎಂಥದೋ ಕೊಳಕು ದಂಡೆಯಲ್ಲ, ನೀರು ಶುದ್ಧವೆಂದು ನೀಲಿ ಬಾವುಟ ಹಾರಿಸಿರುವ ದಂಡೆಯೇ ಆಗಬೇಕು.

ಚನ್ನಮ್ಮನಿಗೆ ಅಲ್ಲಿಗೆ ಹೋಗಲು ಬಳಗ ಗೊತ್ತುಮಾಡಿದ ಕೋಚ್ ಬಸ್ಸಿನಲ್ಲಿ ಒಂದು ಸೀಟು ಹೆಚ್ಚಿಗೆ ಬೇಕಿತ್ತು, ಪಕ್ಕದ ಮನೆಯ ನೋರಾಳಿಗೆ. ಎಂಬತ್ತೆರಡರ ಐರಿಶ್ ಮುದುಕಿ. ಚನ್ನಮ್ಮನ ಆಸ್ಪತ್ರೆಯ ಪಾಳಿ ಕೈಕೊಟ್ಟಾಗಲೆಲ್ಲ, ಒಂಬತ್ತು ವರ್ಷ, ಮಗಳು ಐಶ್ವರ್ಯಾಳನ್ನು ಶಾಲೆಯಿಂದ ಕರೆತಂದು ಉಣಿಸಿದವಳು. ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ, ಇನ್ನೊಂದು ಸಲ ಸಮುದ್ರ ನೋಡಬೇಕು ಅಂತ.

"ಹೊರಗಿನ ಮಂದಿಗೆ ಸೀಟಿಲ್ರಿ," ಎಂದಿದ್ದರು ಈಶ್ವರಪ್ಪ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಾತ್ರ ತಾವೇ ಒಂದು ಕರಿ ಚೀಲ ಹೊತ್ತು ಬಂದರು. ಇಂಟರ್ನೆಟ್ಟಿನಲ್ಲಿ ತರಿಸಿದ ನಲವತ್ತು ಬಾವುಟ. ಹಸಿರು, ಬಿಳಿ, ಕೇಸರಿ ಪಟ್ಟೆ ನೆಟ್ಟಗೆ ನಿಂತಿವೆ, ಚಕ್ರವಿಲ್ಲ.

"ಇವು ಐರ್ಲೆಂಡಿನವು ಅದಾವ್ರಿ," ಎಂದಳು ಚನ್ನಮ್ಮ.

"ಇರ್ಲಿ ಬಿಡ್ರಿ. ಕೇಸರಿ ಮ್ಯಾಲೆ ಬರೂಹಂಗ ತಿರುವಿ, ನಡುವ ಒಂದು ನೀಲಿ ಚಕ್ರ ಬರದ್ರ ನಮ್ದ ಆತು. ನಿಮ್ಮ ಅಕ್ಷರ ಚಂದ ಐತಿ. ನಿಮ್ಮ ಮುದುಕಿಗೆ ಸೀಟು ಮಾಡೂನು."

ಥೂ, ಎಂಥ ಮನುಷ್ಯ ಎನಿಸಿತು. ಆದರೂ ಕೂತಳು. ಮಗಳ ಶಾಲೆಯ ನೀಲಿ ಪೆನ್ನು ಹಿಡಿದು, ಗೋಡೆಯಾಚೆ ನೋರಾಳ ಟೀವಿ ಕೇಳುತ್ತಿರುವಂತೆಯೇ, ಅವಳ ಊರಿನ ಬಾವುಟದ ಮೇಲೆ ಚಕ್ರ ಬರೆದು ಅದರ ಅರೆಗಳನ್ನು ಎಳೆಯುತ್ತ ಹೋದಳು. ಇಪ್ಪತ್ತನಾಲ್ಕು ಬರೆಯಲು ಪುರುಸೊತ್ತಿರಲಿಲ್ಲ. ಎಂಟಕ್ಕೇ ನಿಲ್ಲಿಸಿದಳು. ಬೆರಳೆಲ್ಲ ನೀಲಿಯಾದವು, ಚರ್ಮಕ್ಕೆ ಹಿಡಿದದ್ದು ಎಷ್ಟು ಉಜ್ಜಿದರೂ ಬಿಡಲಿಲ್ಲ.

ಮರುದಿನ ದಂಡೆ ಮುಟ್ಟುವ ಹೊತ್ತಿಗೆ ತುಂತುರು ಶುರುವಾಗಿತ್ತು. ಕಂಬದ ಮೇಲೆ ನೀಲಿ ಬಾವುಟ ನೆನೆಯುತ್ತಿತ್ತು. ನೋರಾ ಊರುಗೋಲು ಊರಿ ಅಲೆಗಳನ್ನೇ ನೋಡುತ್ತ ನಿಂತಳು. ಹಿಂದೆ ಮಂದಿ ಚೀಲ ಬಿಚ್ಚಿ, ಟವೆಲ್ ಒಣಹಾಕಿದ ಹಾಗೆ ಬಾವುಟಗಳನ್ನು ಉದ್ದಕ್ಕೆ ಇಳಿಬಿಟ್ಟು ಹಿಡಿದರು. ಬಿಳಿ ಜುಬ್ಬದ ಈಶ್ವರಪ್ಪ ಎಲ್ಲಕ್ಕೂ ಮುಂದೆ.

ರಾಷ್ಟ್ರಗೀತೆ ಅರ್ಧಕ್ಕೆ ಬರುವಷ್ಟರಲ್ಲಿ ಚಕ್ರಗಳು ಕರಗತೊಡಗಿದವು. ಅದು ಮಕ್ಕಳ ಬಟ್ಟೆಯಿಂದ ತೊಳೆದು ಹೋಗಲೆಂದೇ ಮಾಡಿದ ಶಾಯಿ. ಹಸಿರಿನ ಮೇಲಿಂದ ಹರಿದು ಅಧ್ಯಕ್ಷರ ಜುಬ್ಬಕ್ಕೆ ಇಳಿಯಿತು. ಹಾಡು ಮುಗಿದಾಗ ಚಕ್ರವೆಂದು ಹೇಳಬಹುದಾದ್ದು ಒಂದೂ ಉಳಿದಿರಲಿಲ್ಲ.

ನೋರಾ ತಿರುಗಿ ನೋಡಿದಳು. ನೋಡುತ್ತಲೇ ಇದ್ದಳು.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಈಶ್ವರಪ್ಪ ಒಂದು ಗಳಿಗೆಯೂ ತಡಮಾಡಲಿಲ್ಲ. ಎದೆಯ ನೀಲಿ ಕಲೆಯ ಮೇಲೆ ಕೈಯಿಟ್ಟು, ಗಟ್ಟಿ ಇಂಗ್ಲಿಷಿನಲ್ಲಿ, ಇದು ನಿಮ್ಮ ಗೌರವಕ್ಕೆಂದೇ ನಮ್ಮ ಬಳಗ ಮಾಡಿದ ಏರ್ಪಾಡು, ಎರಡು ದೇಶಗಳ ಸ್ನೇಹ ಎಂದರು. ನಾಲ್ಕು ಮಂದಿ ಚಪ್ಪಾಳೆಯನ್ನೂ ಹೊಡೆದರು. ನಾಚಿಕೆ ಎಂಬುದನ್ನು ಆ ಮನುಷ್ಯ ಇಂಡಿಯಾದಲ್ಲೇ ಬಿಟ್ಟು ವಿಮಾನ ಹತ್ತಿರಬೇಕು.

ನೋರಾ ಅವರತ್ತ ನೋಡಲೇ ಇಲ್ಲ. "ಹೌದಾ, ಚನ್ನಾ?" ಎಂದು ಕೇಳಿದಳು.

ಹೌದು ಅಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಈಶ್ವರಪ್ಪ ಹುಬ್ಬಿನಲ್ಲೇ ಅದನ್ನು ಹೇಳಿಕೊಡುತ್ತಿದ್ದರು. ಚನ್ನಮ್ಮ ಜೇಬಿನಿಂದ ಕೈ ಹೊರಗೆ ತೆಗೆದು ತೋರಿಸಿದಳು.

"ಅಲ್ಲ. ತಪ್ಪಿ ಬಂದಿದ್ದವು. ನಿಮ್ಮ ಬಾವುಟ ಅಂತ ಗೊತ್ತಿದ್ದೇ ಅದರ ಮೇಲೆ ನಾನು ಬರೆದೆ. ನಿಮಗೆ ಒಂದು ಸೀಟು ಸಿಗಲಿ ಅಂತ."

"ಏನ್ ಮಾತಾಡ್ತೀರಿ ಅಕ್ಕಾರ!" ಎಂದರು ಈಶ್ವರಪ್ಪ.

ನೋರಾ ಊರುಗೋಲನ್ನು ಐಶ್ವರ್ಯಾಳ ಕೈಗೆ ಕೊಟ್ಟು, ಅಧ್ಯಕ್ಷರ ಕೈಯಿಂದಲೇ ಬಾವುಟ ತೆಗೆದುಕೊಂಡಳು. ಪಟ್ಟೆಗಳು ನೆಟ್ಟಗೆ ನಿಲ್ಲುವ ಹಾಗೆ ತಿರುಗಿಸಿ, ಹಸಿರಿನ ಅಂಚನ್ನು ಚನ್ನಮ್ಮನ ನೀಲಿ ಬೆರಳುಗಳಿಗೆ ಸಿಕ್ಕಿಸಿದಳು.

"ಹೀಗೆ ಹಿಡೀಬೇಕು," ಎಂದಳು. "ಒಂಬತ್ತು ವರ್ಷದಲ್ಲಿ ಒಂದು ದಿನ ನನ್ನ ಊರಿನ ಬಗ್ಗೆ ಕೇಳಿದ್ದರೆ ಹೇಳಿಕೊಡ್ತಿದ್ದೆ."