ಜಾಲಿ ಹೂವಿನ ಬೇಲಿ

“ಗಾಂಜಾ ಸೇದಿ ಸೇದಿ ಎದಿ ಸುಟ್ಕೊಂಡಾನ್ರೀ ಇವ. ಮನಷ್ಯಾ ಅಲ್ಲ, ಹೊಗಿ ಗೂಡು!” ಅಂದ ನಮ್ಮ ಕಾಕಾ, ತುಂಬಿದ ಪಡಸಾಲಿಯಾಗ.

ತಂಗಿ ಶೀತಲಳನ್ನು ತಮ್ಮ ಮಗನಿಗೆ ಕೇಳಾಕ ಸೊಲ್ಲಾಪುರದ ನವಿ ಪೇಠದಿಂದ ಅರವಿ ಅಂಗಡಿ ಧರ್ಮರಾಜ ಸಾವಕಾರರು ಬಂದಿದ್ದರು. ಮಾತು ಮುಗಿದಿತ್ತು, ಸಂಬಂಧ ಗಟ್ಟಿ ಮಾಡೋ ಸುಪಾರಿ ಒಡೆಯೋದೊಂದೇ ಬಾಕಿ. ಅಪ್ಪ ಇಲ್ಲ, ಹಿಂಗಾಗಿ ಅಣ್ಣ ಅಂತ ನಾನೇ ಮುಂದೆ ಕೂತಿದ್ದೆ. ಸಾವಕಾರರು ಅಡಕಿ ಒಡೆಯಾಕ ಕಲ್ಲು ಎತ್ತಿದ್ದೇ ತಡ, ಸೀನಿದೆ. ಒಂದಲ್ಲ, ಏಳು. ಮ್ಯಾಲೆ ಕೆಮ್ಮು, ಎದೆಯೊಳಗೆ ಸೀಟಿ.

ಕಲ್ಲು ಕೆಳಗಿಳಿಯಿತು. “ದಮ್ಮೇನ್ರೀ ಇದು? ಹುಡಿಗಿಗೂ ಅದ ಏನು?”

ಆಗ ಕಾಕಾ ನನ್ನ ಕಡೆ ಬೆರಳು ಮಾಡಿ ಅಂದ ಮಾತು ಅದು.

ನಾನು ಬೀಡಿ ಸುದ್ದಾ ಮುಟ್ಟಿದವನಲ್ಲ. ಹೋದ ವರ್ಷ ಸೊಲ್ಲಾಪುರದ ಡಾಕ್ಟರು ಕೈ ಮೇಲೆ ಸಾಲಾಗಿ ಸೂಜಿ ಚುಚ್ಚಿ ನೋಡಿ ಹೇಳಿದ್ದರು: ಸರಕಾರಿ ಜಾಲಿಯ ಹೂವಿನ ಪುಡಿ ನಿನಗೆ ಆಗೋದಿಲ್ಲ, ಹೂ ಬಿಟ್ಟಾಗ ಹತ್ತಿರ ಹೋಗಬ್ಯಾಡ. ಕಾಕಾ ನಕ್ಕಿದ್ದ. “ಆಡು ತಿನ್ನೋ ಕಂಟಿ ನಿನಗ ರೋಗ ಕೊಡತದ? ಏಳನೇತ್ತಾ ಸಾಲಿ ಬಿಟ್ಟಾಂವಗ ಡಾಕ್ಟರ್ ಚೊಲೋ ಟೊಪಗಿ ಹಾಕ್ಯಾನ!”

ನಿನ್ನೆ ಕಣಕ್ಕೆ ಮುಳ್ಳು ಒಡ್ಡಬೇಕಿತ್ತು. ಜೋಳದ ತೆನೆ ಬಿದ್ದಿತ್ತು, ಹಂದಿ ನುಗ್ಗತಾವ. ಜಾಲಿ ಬ್ಯಾಡ, ಒಣ ಬೋರಿ ಮುಳ್ಳು ತರ್ತೀನಿ ಅಂದೆ.

“ಹೂವಿದ್ರ ಬೀಗರ ಕಣ್ಣಿಗಿ ಚಂದ ಕಾಣತದ. ಜಾಲೀನ ಎಳಿ,” ಅಂದ ಕಾಕಾ.

ಎಳೆದೆ. ಮೂರು ಗಾಡಿ. ತಲೆಗೂದಲೆಲ್ಲ ಹಳದಿ ಪುಡಿ. ಶೀತಲ ನನ್ನ ತಲೆಗೆ ಬಿಂದಿಗೆಗಟ್ಟಲೆ ನೀರು ಸುರಿದಳು. “ಅಣ್ಣಾ, ನಾಳಿ ಒಂದ್ ದಿನ ತಡಕೋ,” ಅಂದಳು. ಸೀನು ತಡೆಯೋದು ನನ್ನ ಕೈಯಾಗ ಇದ್ದಂಗ!

ಡಾಕ್ಟರ ಚೀಟಿ ಒಳಗೆ ಟ್ರಂಕಿನಲ್ಲಿತ್ತು. ತಂದು ತೋರಿಸಿದರೆ ಕಾಕಾನ ಸುಳ್ಳು ಬಯಲಾಗತಿತ್ತು, ಸಂಬಂಧವೂ ಮುರೀತಿತ್ತು. ಗಾಂಜಾ ಅಂದ್ರ ಕೆಟ್ಟವ ನಾನೊಬ್ಬ. ರೋಗ ಅಂದ್ರ ತಂಗಿ ರಕ್ತದಾಗೂ ಹುಡುಕತಾರ. ಕಾಕಾಗ ಇದು ಗೊತ್ತಿತ್ತು, ಅದಕ್ಕೇ ಅಷ್ಟು ಧೈರ್ಯ.

“ಹೌದೇನೋ ತಮ್ಮಾ? ಗಾಂಜಾ ಅಷ್ಟೇ ಏನು, ರೋಗ ಗೀಗ ಇಲ್ಲಲ್ಲ?” ಸಾವಕಾರರು ನನ್ನನ್ನೇ ಕೇಳಿದರು.

ಅಡಿಗಿಮನಿ ಬಾಗಿಲ ಹಿಂದೆ ಶೀತಲ ನಿಂತಿದ್ದಳು. ಕಾಕಾನ ಕೊರಳಪಟ್ಟಿ ಹಿಡಿದು ಕಣದ ಮುಳ್ಳಿನಾಗ ಉರುಳಿಸಬೇಕು ಅನ್ನಿಸಿತು. ಎದ್ದು ನಿಂತೆ.

“ನೋಡ್ರಿ, ಸುಳ್ಳಾಗಿದ್ರ ಬಾಯಿ ಬಿಡತಿದ್ದಿಲ್ಲೇನು?” ಅನ್ನುತ್ತ ಕಾಕಾ ಕಲ್ಲನ್ನು ಸಾವಕಾರರ ಕೈಗೆ ಕೊಟ್ಟ.

ನಾನು ಚಪ್ಪಲಿ ಮೆಟ್ಟಿ ಅಂಗಳ ದಾಟಿದೆ. ಹಿಂದೆ ಅಡಕಿ ಒಡೆದ ಸಪ್ಪಳ ಕೇಳಿಸಿತು.