ಈರುಳ್ಳಿ ಇರುವ ತನಕ

ಬೆರಳ ಸಂದಿಯ ಹಿಟ್ಟು ಬಿಡುತ್ತಿಲ್ಲ, ಎಡಗೈಯದನ್ನು ಕೆರೆದರೆ ಬಲಗೈಗೆ, ಬಲಗೈಯದನ್ನು ಕೆರೆದರೆ ಮತ್ತೆ ಎಡಗೈಗೆ, ನಡುವೆ ಕಂದು ಬಣ್ಣಕ್ಕೆ ಬಾಡಿಸಿದ ಈರುಳ್ಳಿಯ ಎಳೆಗಳು ಉಗುರಿಗೆ ಸುತ್ತಿಕೊಳ್ಳುತ್ತಿವೆ, ಥೂ, ಒದ್ದೆ ಕೂದಲಿನ ಹಾಗೆ, ಬಚ್ಚಲ ಜಾಲರಿಯಿಂದ ಎಳೆದು ತೆಗೆದ ಕೂದಲು — ಹಾಗೆ ಅಂದುಕೊಳ್ಳಬಾರದು, ಇದು ಈರುಳ್ಳಿ, ಬೆಳಿಗ್ಗೆ ತಾನೇ ಆರಿಸಿ ತಂದದ್ದು, ತಾನೇ ಹೆಚ್ಚಿದ್ದು, ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ತಿರುವುತ್ತ ನಿಂತದ್ದು, ಹಿಟ್ಟು ಹೊಸದು, ಜೊತೆಗೆ ನೀರು, ಉಪ್ಪು, ಯೀಸ್ಟು, ಕುಟ್ಟಿದ ಮೆಣಸು, ಬೇರೆ ಏನೂ ಇಲ್ಲ, ಏನೂ ಇಲ್ಲ ಎಂದು ಮತ್ತೊಮ್ಮೆ ಹೇಳಿಕೊಂಡಳು, ಆದರೂ ಗಂಟಲ ಬುಡದಲ್ಲಿ ಓಕರಿಕೆ ಎದ್ದು ಕೂತಿದೆ, ಇಳಿಯುವುದೂ ಇಲ್ಲ, ಬರುವುದೂ ಇಲ್ಲ. ಫೋನು ಗುಂಯ್ಗುಡುತ್ತದೆ, ಮೊಣಕೈಯಿಂದ ಒತ್ತಿದಳು, ಅಮ್ಮ. ಅಪ್ಪ ಐದು ಗಂಟೆಗೆ ಬರ್ತಾರಂತೆ, ಬೀಗದ ಕೈ ಜೇಬಲ್ಲೇ ಇಟ್ಕೊಂಡಿದಾರೆ, ಬೇಕರಿ ಇನ್ನು ನಿನ್ನದೇ ಅಂತ ಹೇಳೋಕೇ ಬರ್ತಿರೋದು, ನೀನು ಮಾತ್ರ ಆ ಡ್ರಮ್ಮಿನ ವಿಷಯ ಎತ್ತಬೇಡ ಕಣೇ. ಎತ್ತಲ್ಲಮ್ಮ. ಎತ್ತಬೇಡ, ಉಂಡ ಮನೆಯ ಜಂತೆ ಎಣಿಸಬಾರದು. ಎಣಿಸಲ್ಲಮ್ಮ, ಇಡು, ಕೈ ಹಿಟ್ಟಾಗಿದೆ. ಉಂಡ ಮನೆ ಸರಿ, ಆದರೆ ಆ ಮನೆಯಲ್ಲಿ ಉಂಡದ್ದು ಏನು, ಉಣಿಸಿದ್ದು ಏನು.

ಮಡಚು, ತಿರುಗಿಸು, ಮತ್ತೆ ಮಡಚು, ಮುಷ್ಟಿಯಿಂದಲ್ಲ ಪುಟ್ಟಿ, ಅಂಗೈ ಬುಡದಿಂದ ಒತ್ತು, ಹಿಟ್ಟಿಗೆ ನೋವಾಗ್ಬಾರ್ದು, ಹೀಗೆ ಹೇಳಿಕೊಟ್ಟವನು ಅಪ್ಪನೇ, ಅವಳಿಗೆ ಆಗ ಏಳು ವರ್ಷ, ಹಿಟ್ಟಿನ ಚೀಲದ ಮೇಲೆ ನಿಲ್ಲಿಸಿದ್ದ, ಎಷ್ಟು ಒಳ್ಳೆಯ ಕೈ ಅವನದು, ಆ ಕೈಯೇ ಬೇಕರಿಯ ಹಿಂಬದಿಯ ನೀಲಿ ಡ್ರಮ್ಮಿನೊಳಗೆ ಭುಜದ ತನಕ ಇಳಿಯುತ್ತಿತ್ತು. ಅಂಗಡಿಗಳಿಂದ ವಾಪಸ್ ಬಂದ ಬ್ರೆಡ್ಡು, ಹೋಟೆಲಿನ ಮೇಜುಗಳಲ್ಲಿ ಉಳಿದ ಬ್ರೆಡ್ಡು, ಎಲ್ಲ ಅದರಲ್ಲಿ ನೆನೆಯುತ್ತದೆ, ಭಟ್ಟಿ ನೋಡುವ ಮೀಸೆ ಮಾಮ ಮೊಂಡು ಚಾಕುವಿನಿಂದ ಹಸಿರು ಬೂಷ್ಟು ಕೆರೆದು ಗೋಡೆಗೆ ಒರೆಸುತ್ತಾನೆ, ಆ ಗೋಡೆಯೇ ಮೃದುವಾಗಿಬಿಟ್ಟಿದೆ, ಬೆರಳಿಟ್ಟರೆ ಒಳಗೆ ಹೋಗುತ್ತದೆ, ನೆನೆದದ್ದನ್ನು ಹಿಂಡಿ ಹೊಸ ಹಿಟ್ಟಿಗೆ ಕಲಸುತ್ತಾರೆ, ಮೂರು ಪಾಲಿಗೆ ಒಂದು ಪಾಲು. ಹುಳಿ ವಾಸನೆ ಬರಲ್ವಾ ಅಪ್ಪ. ಬರುತ್ತೆ, ಅದಕ್ಕೇ ಈರುಳ್ಳಿ, ಈರುಳ್ಳಿ ಇರೋ ತನಕ ಬ್ರೆಡ್ ಹಳಸಲ್ಲ ಪುಟ್ಟಿ, ಅಂದು ನಗುತ್ತಿದ್ದ, ಅವಳೂ ನಗುತ್ತಿದ್ದಳು, ನಕ್ಕಿದ್ದು ನಿಜ, ಆರು ವರ್ಷ ತಾನೂ ಹಿಂಡಿದ್ದು ನಿಜ, ಉಗುರು ಕತ್ತರಿಸಿಕೊಂಡು, ಮೂಗಿನ ಬದಲು ಬಾಯಿಯಿಂದ ಉಸಿರಾಡಿಕೊಂಡು, ಮುಂದುಗಡೆ ಗಿರಾಕಿಗಳು ಸಾಲು ನಿಂತು, ನಿಮ್ಮ ಈರುಳ್ಳಿ ಬ್ರೆಡ್ ಬೇರೆ ಎಲ್ಲೂ ಸಿಗಲ್ಲ ನೋಡಿ, ಅದೇನು ಹಾಕ್ತೀರೋ, ಅನ್ನುತ್ತಿದ್ದರು. ಏನು ಹಾಕುತ್ತೇವೆ. ಕೈ ಕೆಸರಾದರೆ ಬಾಯಿ ಮೊಸರಂತೆ, ಕೆಸರು ನಮ್ಮ ಕೈಯದು, ಬಾಯಿ ಬೇರೆಯವರದು, ಮೊಸರು ಯಾರ ಪಾಲಿಗೂ ಇಲ್ಲ. ಆಮೇಲೆ ಆ ದಿನ, ತಿಂಗಳ ಹಿಂದೆ, ಹಿಂಡುವಾಗ ಅಂಗೈಗೆ ಬಂದ ಒಂದು ತುಂಡು, ಮೂಲೆಯಲ್ಲಿ ಅರ್ಧಚಂದ್ರದ ಕಚ್ಚು, ಒಂದೊಂದು ಹಲ್ಲಿನ ಗುರುತೂ ಬೇರೆ ಬೇರೆಯಾಗಿ, ಬೆಣ್ಣೆ ಇನ್ನೂ ಅಂಟಿಕೊಂಡಿತ್ತು, ಯಾರದೋ ಬಾಯಿ, ಯಾರದೋ ಎಂಜಲು, ತನ್ನ ಅಂಗೈಯಲ್ಲಿ ಬೆಚ್ಚಗೆ, ಅಪ್ಪನ ಮುಂದೆ ಹಿಡಿದಳು, ಅಪ್ಪ ಕನ್ನಡಕ ಮೇಲಕ್ಕೆ ಸರಿಸಿ ನೋಡಿ, ಇಲೀದಲ್ಲವಲ್ಲ, ಮನುಷ್ಯರದು ತಾನೆ, ಅಂದ. ಮೀಸೆ ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೊರಟುಬಂದಳು. ಈಗ ಔಷಧಿ ಅಂಗಡಿಯಲ್ಲಿ ನಿಲ್ಲುತ್ತಾಳೆ, ಕೈಗೆ ಯಾವ ವಾಸನೆಯೂ ಅಂಟದ ಕೆಲಸ, ಆದರೆ ಅಂಗೈ ಸುಮ್ಮನಿರುವುದಿಲ್ಲ, ಹತ್ತಿಯ ಸುರುಳಿಯನ್ನೂ ನಾದಲು ಹೋಗುತ್ತದೆ, ಭಟ್ಟಿಯ ಬಿಸಿ ಮುಖಕ್ಕೆ ಹೊಡೆಯದೆ ಬೆಳಗಾದ ಹಾಗೇ ಅನ್ನಿಸುವುದಿಲ್ಲ, ಹೋಗಬೇಕು ಅನ್ನಿಸುತ್ತದೆ, ಎಷ್ಟು ಹೇಸಿಗೆಯೋ ಅಷ್ಟೇ ಆಸೆ, ಅದಕ್ಕೇ ಇನ್ನಷ್ಟು ಹೇಸಿಗೆ.

ಎರಕದ ಕಬ್ಬಿಣದ ಪಾತ್ರೆ ಓವನ್ನಿನೊಳಗೆ ಕಾದು ಕೆಂಡವಾಗಿದೆ, ಉಬ್ಬಿದ ಹಿಟ್ಟಿನ ಉಂಡೆಯನ್ನು ಇಳಿಬಿಟ್ಟು, ಬ್ಲೇಡಿನಿಂದ ಒಂದು ಗೀರು, ಮುಚ್ಚಳ, ಅರ್ಧ ಗಂಟೆ ತನ್ನ ಹಬೆಯಲ್ಲೇ ಬೇಯಲಿ, ಆಮೇಲೆ ಮುಚ್ಚಳ ತೆಗೆದು ಬಣ್ಣ ಬರಿಸಿದರೆ ಹೊರಪದರ ಗರಿಗರಿ. ಬರಲಿ ಅಪ್ಪ. ಜಗಳ ಆಡುವುದಿಲ್ಲ, ಡ್ರಮ್ಮಿನ ಹೆಸರೂ ಎತ್ತುವುದಿಲ್ಲ, ಒಂದೇ ಒಂದು ತುಂಡು ಕೈಗೆ ಕೊಡುತ್ತಾಳೆ, ತಿನ್ನಲಿ, ತಿಂದು ಇದು ಚೆನ್ನಾಗಿದೆ ಅನ್ನಲಿ, ಹೊಸ ಹಿಟ್ಟಿನದನ್ನೇ ಮಾಡೋಣ ಅನ್ನಲಿ, ಅಷ್ಟೂ ಬೇಡ, ಸುಮ್ಮನೆ ನುಂಗಲಿ ಸಾಕು, ನಾಳೆಯೇ ಹೋಗಿ ಆ ಏಪ್ರನ್ ಮೊಳೆಯಿಂದ ತೆಗೆಯುತ್ತಾಳೆ, ಡ್ರಮ್ಮನ್ನು ತಾನೇ ಉರುಳಿಸಿ ಗೋಡೆಯನ್ನು ತಾನೇ ಉಜ್ಜುತ್ತಾಳೆ. ವಾಸನೆ ಏಳುತ್ತಿದೆ, ಸಿಹಿ, ಸುಟ್ಟ ಸಕ್ಕರೆಯಂಥದ್ದು, ಎಷ್ಟು ಒಳ್ಳೆಯ ವಾಸನೆ, ಅಷ್ಟರಲ್ಲೇ ಮೂಗು ಮುಚ್ಚಿಕೊಂಡು ಕಿಟಕಿಗೆ ಓಡಿದಳು, ತನ್ನದೇ ಮನೆ, ತನ್ನದೇ ಹಿಟ್ಟು, ಆದರೆ ಮೂಗಿಗೆ ಯಾರು ಹೇಳಬೇಕು, ಅದರ ಪಾಲಿಗೆ ಈರುಳ್ಳಿ ಅಂದರೆ ಅಡಿಯಲ್ಲಿ ಇನ್ನೇನೋ ಇದೆ ಅಂತಲೇ.

ಐದಕ್ಕೆ ಅಪ್ಪ. ಚಪ್ಪಲಿ ಬಿಡುವ ಮೊದಲೇ, ಏನೇ ಪುಟ್ಟಿ, ಬೀದಿ ತಿರುವಿಗೇ ಘಮ ಬಂತು, ಮಧ್ಯಾಹ್ನದಿಂದ ಏನೂ ತಿಂದಿಲ್ಲ, ಹೊಟ್ಟೆ ಚುರುಗುಟ್ಟುತ್ತಿದೆ, ಅಂದ, ಕೂತ, ಬೀಗದ ಕೈ ಗೊಂಚಲು ಮೇಜಿನ ಮೇಲಿಟ್ಟ. ಬ್ರೆಡ್ಡು ಇನ್ನೂ ಚಟಚಟ ಅನ್ನುತ್ತಿದೆ, ಅಪ್ಪ ಕಿವಿ ಹತ್ತಿರ ಹಿಡಿದು ಕೇಳಿದ, ತಿರುಗಿಸಿ ಬೆರಳ ಗಿಣ್ಣಿನಿಂದ ತಳಕ್ಕೆ ಕುಟ್ಟಿದ, ಚೆನ್ನಾಗಿ ಬೆಂದಿದೆ, ಅಂದ, ಅವಳು ಕುಯ್ದಳು, ತುಂಡನ್ನು ಬೆಳಕಿಗೆ ಹಿಡಿದ, ತೂತು ನೋಡು, ನನಗೇ ಇಷ್ಟು ಹದ ಬರಲ್ಲ, ಅಂದ, ಮೂಸಿದ, ಹೆಬ್ಬೆರಳಿನಿಂದ ಒತ್ತಿ ಅದು ಮತ್ತೆ ಉಬ್ಬುವುದನ್ನು ನೋಡಿದ, ಎಲ್ಲ ಮಾಡಿದ, ಆಮೇಲೆ ಅದನ್ನು ಮೆಲ್ಲಗೆ ತಟ್ಟೆಗೆ ಇಟ್ಟು, ಬಿಸ್ಕತ್ತಿದ್ರೆ ಎರಡು ಕೊಡು, ಅಂದ. ತಿನ್ನಪ್ಪ. ಇರಲಿ. ಹಸಿವು ಅಂದೆಯಲ್ಲ. ಅದು ಸರಿ. ನಾನೇ ಮಾಡಿದ್ದು, ಎಲ್ಲ ಹೊಸದು, ಏನೂ ಇಲ್ಲ ಇದರಲ್ಲಿ. ಗೊತ್ತು ಪುಟ್ಟಿ. ಬನ್ನು, ಬಿಸ್ಕತ್ತು, ಕೇಕು, ಎಲ್ಲದರ ಮೂಲೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಬೇಕರಿ ತುಂಬ ಓಡಾಡುವ ಅಪ್ಪ, ಈರುಳ್ಳಿ ಬ್ರೆಡ್ಡನ್ನು, ಒಮ್ಮೆಯಾದರೂ ತಿಂದದ್ದು, ಇಲ್ಲ, ನೋಡಿಲ್ಲ, ಯಾವತ್ತೂ ನೋಡಿಲ್ಲ. ತುಂಡನ್ನು ಎತ್ತಿ ಅವನ ಬಾಯಿಯ ತನಕ ಒಯ್ದಳು, ಒಂದೇ ತುಂಡು ಅಪ್ಪ, ಅಂದಳು, ಅವನ ತುಟಿಗಳು ಮಗುವಿನ ತುಟಿಯ ಹಾಗೆ ಒಳಕ್ಕೆ ಮಡಚಿಕೊಂಡವು, ಮುಚ್ಚಿದ ತುಟಿ, ಸುತ್ತ ಬಿಳಿಚಿದ ಗೆರೆ, ಗಂಟಲು ಒಮ್ಮೆ ಮೇಲೆದ್ದು ಇಳಿಯಿತು, ಆ ಏರಿಳಿತ ತನ್ನದೇ, ತನಗೆ ಚೆನ್ನಾಗಿ ಗೊತ್ತಿದ್ದದ್ದು, ಮುಚ್ಚಿದ ತುಟಿ, ಮುಚ್ಚಿದ ತುಟಿ, ಅವನು ಅವಳ ಮಣಿಕಟ್ಟು ಹಿಡಿದು ದೂರ ಸರಿಸುವಷ್ಟು ಹೊತ್ತು ಮಾತ್ರ ಅದು ತೆರೆಯಿತು.

ಬೇಡ.